ಆ ಬೋಗುಣಿಗೆ ಮಾಡಿದವನ ಹೆಸರೇ ಇರಬೇಕಿತ್ತು

ಆರು ಕಡೆ! ಒಂದೇ ಹಿತ್ತಾಳೆ ಬೋಗುಣಿ ಮೇಲೆ ಆರು ಕಡೆ ತನ್ನ ಹೆಸರು ಕೆತ್ತಿದ್ದಾನೆ ಮುಹಮ್ಮದ್ ಇಬ್ನ್ ಅಲ್-ಝೈನ್. ಮಾಮ್ಲೂಕ್ ಸುಲ್ತಾನರು ಈಜಿಪ್ಟ್, ಸಿರಿಯಾ ಆಳ್ತಿದ್ದ ಕಾಲ, ಸುಮಾರು 1320-40. ಆ ಕಾಲದ ಇಂಥ ಪಾತ್ರೆಗಳ ಮೇಲೆ ಸಾಮಾನ್ಯವಾಗಿ ಸುಲ್ತಾನನದೋ ಅಮೀರನದೋ ಹೆಸರು, ಬಿರುದು ದಪ್ಪಕ್ಷರದಲ್ಲಿ ಸುತ್ತ ಬಂದಿರತ್ತೆ, ಇದರಲ್ಲಿ ಮಾತ್ರ ಒಡೆಯನ ಹೆಸರೇ ಇಲ್ಲ, ಮಾಡಿದವನದ್ದೇ ಇರೋದು.

ಆದ್ರೆ ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಮ್ಮಿನಲ್ಲಿರೋ ಇದನ್ನ ಇಡೀ ಪ್ರಪಂಚ ಕರೆಯೋದು ‘ಸಂತ ಲೂಯಿಯ ದೀಕ್ಷಾಸ್ನಾನದ ಪಾತ್ರೆ’ ಅಂತ (ದೀಕ್ಷಾಸ್ನಾನ ಅಂದ್ರೆ ನೀರು ಹಾಕಿ ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳೋ ಸಂಸ್ಕಾರ). ಆ ಲೂಯಿ, ಅಂದ್ರೆ ಫ್ರಾನ್ಸಿನ ರಾಜ ಒಂಬತ್ತನೇ ಲೂಯಿ, 1270ರಲ್ಲೇ ತೀರಿಕೊಂಡಿದ್ದ, ಪಾತ್ರೆ ಹುಟ್ಟೋಕೆ ಎಷ್ಟೋ ವರ್ಷ ಮೊದಲೇ! ಎಷ್ಟೋ ಕಾಲ ಆದ್ಮೇಲೆ 1606ರಲ್ಲಿ ಹದಿಮೂರನೇ ಲೂಯಿಗೆ ಇದರಲ್ಲಿ ದೀಕ್ಷಾಸ್ನಾನ ಮಾಡಿಸಿದ್ರು ಅನ್ನೋದು ನಿಜ, ಆದ್ರೂ ನನಗೆ ಇದು ಅನ್ಯಾಯ ಅನ್ಸತ್ತೆ.

ಆ ಕೆಲಸ ಎಂಥದ್ದು ಅಂತ ಸ್ವಲ್ಪ ಯೋಚನೆ ಮಾಡಿ. ಹಿತ್ತಾಳೆಯನ್ನ ಬಡಿದು ಬೋಗುಣಿ ಮಾಡ್ಬೇಕು, ಚಾಣದಲ್ಲಿ ಚಿತ್ರದ ಆಕಾರಕ್ಕೆ ತಕ್ಕಂತೆ ಕೊರೀಬೇಕು, ಅಂಚನ್ನ ಒಳಗಿಂದ ಸ್ವಲ್ಪ ಕೆರೆದು, ತೆಳ್ಳಗಿನ ಬೆಳ್ಳಿ ತಗಡು ಒತ್ತಿ ಕೂರಿಸಿ, ಅದೇ ಅಂಚನ್ನ ಮೇಲೆ ಮಡಚಿ ಹಿಡಿಸ್ಬೇಕು, ಆಮೇಲೆ ಆ ಬೆಳ್ಳಿ ಮೇಲೆ ಮತ್ತೆ ಕಣ್ಣು, ಗಡ್ಡ, ಬಟ್ಟೆಯ ನೆರಿಗೆ ಕೆತ್ತಬೇಕು. ಒಳಗೆ ತಳದ ತುಂಬಾ ಮೀನು, ಏಡಿ, ಆಮೆ. ಊಟಕ್ಕೆ ಮೊದಲು, ಊಟ ಆದ್ಮೇಲೆ ಕೈಗೆ ನೀರು ಹುಯ್ಯೋಕೆ ಇಂಥ ಹೂಜಿ, ಬೋಗುಣಿ ಜೋಡಿ ಇಟ್ಕೊಂತಿದ್ರು, ನೀರು ಅಲುಗಾಡಿದಾಗ ಆ ಮೀನೆಲ್ಲ ಹೇಗೆ ಕಂಡಿರ್ಬೇಕು! ಹೊರಗಡೆ ಒಬ್ಬ ಸೇವಕ ಹೊತ್ತಿರೋ ಪಾತ್ರೆ ಮೇಲೆ ‘ನಾನು ಊಟ ಹೊರೋ ಪಾತ್ರೆ’ ಅನ್ನೋ ಅರ್ಥದ ಬರಹ ಬೇರೆ ಇದೆ. ಚಿತ್ರದೊಳಗಿನ ಪಾತ್ರೆಗೂ ಮಾತು ಕೊಟ್ಟಿದ್ದಾನೆ ಪುಣ್ಯಾತ್ಮ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರೋ ಹೂಜಿಯದ್ದೂ ಇದೇ ಕಥೆ. ಶುಜಾ ಇಬ್ನ್ ಮನ್‌ಆ ಅನ್ನೋನು 1232ರಲ್ಲಿ ಇರಾಕಿನ ಮೋಸುಲ್‌ನಲ್ಲಿ ಮಾಡಿದ್ದು ಅಂತ ಅದರ ಮೇಲೇ ಬರೆದಿದೆ, ಊರು, ವರ್ಷ, ಹೆಸರು ಎಲ್ಲಾ. ಆದ್ರೂ ಅದನ್ನ ‘ಬ್ಲಾಕಾ ಹೂಜಿ’ ಅಂತಾರೆ. ಬ್ಲಾಕಾ ಅಂದ್ರೆ ಅದನ್ನ ಸಂಗ್ರಹದಲ್ಲಿ ಇಟ್ಕೊಂಡಿದ್ದ ಫ್ರೆಂಚ್ ಡ್ಯೂಕ್, ಅಷ್ಟೇ.

ಇಂಥವು ಉಳಿದಿರೋದೇ ದೊಡ್ಡದು ಬಿಡಿ. ಕೈರೋದ ಇತಿಹಾಸಕಾರ ಅಲ್-ಮಕ್ರೀಝಿ 15ನೇ ಶತಮಾನದಲ್ಲಿ ಬರೀತಾನೆ, ಒಂದು ಕಾಲಕ್ಕೆ ಮನೆಮನೇಲೂ ಇದ್ದ, ಮದುಮಗಳ ಜೊತೆ ಹೋಗ್ತಿದ್ದ ಪಾತ್ರೆಗಳಿಗೆ ಈಗ ಗಿರಾಕಿನೇ ಇಲ್ಲ, ಕೊಂಡೋರು ಬೆಳ್ಳಿ ಕಿತ್ಕೊಳ್ತಿದಾರೆ ಅಂತ. ಓದಿ ಹೊಟ್ಟೆ ಉರೀತು.

ಇದನ್ನೆಲ್ಲ ನೋಡ್ತಾ ನಮ್ಮ ಬೀದರ್ ನೆನಪಾಯ್ತು. ಅಲ್ಲಿನ ಲೋಹ ಬೇರೆ, ಸತುವಿಗೆ ಸ್ವಲ್ಪ ತಾಮ್ರ, ಕಪ್ಪು ಬಣ್ಣಕ್ಕೆ ಕೋಟೆ ಮಣ್ಣು, ಆದ್ರೆ ಕೊರೆದು ಬೆಳ್ಳಿ ಕೂರಿಸೋ ಈ ವಿದ್ಯೆ ಬಹಮನಿಗಳ ಕಾಲಕ್ಕೆ ಇರಾನ್ ಕಡೆಯಿಂದಾನೇ ಬಂತು ಅಂತ ಹೇಳ್ತಾರೆ. ನಮ್ಮನೆ ಶೋಕೇಸಲ್ಲೂ ಒಂದು ಬಿದ್ರಿ ಹೂಜಿ ಇದೆ, ಎಷ್ಟೋ ವರ್ಷದಿಂದ ಧೂಳು ಒರೆಸ್ತಾ ಬಂದಿದೀನಿ. ನಿನ್ನೆ ಮೊದಲ ಸಲ ಬೋರಲು ಹಾಕಿ, ತಳ, ಕುತ್ತಿಗೆ, ಮುಚ್ಚಳದ ಒಳಗೆ ಎಲ್ಲಾ ಟಾರ್ಚ್ ಬಿಟ್ಟು ಹುಡುಕಿದೆ. ಎಲ್ಲೂ ಹೆಸರಿಲ್ಲ.