ವೇಲ್ಯಾಂಡ್‌ಗೆ ಹಾರುವ ಮುನ್ನ ಕನ್ನಡ ಟೈಪಿಂಗ್ ನೋಡಿ

ಲಿನಕ್ಸ್‌ನಲ್ಲಿ ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹಳೆಯ ವ್ಯವಸ್ಥೆ ಎಕ್ಸ್11, ಹೊಸದು ವೇಲ್ಯಾಂಡ್. ‘ಎಕ್ಸ್11 ಬಿಡಿ, ಇವತ್ತೇ ವೇಲ್ಯಾಂಡ್‌ಗೆ ಬನ್ನಿ’ ಎಂಬ ಲೇಖನದ ಮಾತು ನಮ್ಮ ಮೈಸೂರಿನ ಡಿಟಿಪಿ ಅಂಗಡಿಗಳಿಗೆ ಹಾಗೇ ಹೊಂದುವುದಿಲ್ಲ ಸಾರ್. ಅಕ್ಷರ, ಚಿತ್ರಗಳ ಅಳತೆಯನ್ನು (ಸ್ಕೇಲಿಂಗ್) ಲ್ಯಾಪ್‌ಟಾಪ್‌ನಲ್ಲಿ 150%, ಪಕ್ಕದ ಮಾನಿಟರ್‌ನಲ್ಲಿ 100% ಇಡುವವರಿಗೆ ವೇಲ್ಯಾಂಡೇ ಸರಿ. ಎಕ್ಸ್11ನಲ್ಲಿ ಅದು ಬರೀ ಒದ್ದಾಟ. ಆದರೆ ಕನ್ನಡ ಟೈಪಿಂಗ್? ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಕನ್ನಡ ಮೂಡಿಸುವ ಐಬಸ್ ತಂತ್ರಾಂಶ ತಾನಾಗೇ ನಡೆಯುತ್ತದೆ. ಕೆಡಿಇಯ ಪ್ಲಾಸ್ಮಾ 6 ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಸಿಸ್ಟಂ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್‌ಗೆ ಹೋಗಿ ‘ಐಬಸ್ ವೇಲ್ಯಾಂಡ್’ ಆರಿಸಬೇಕು, ಇಲ್ಲದಿದ್ದರೆ ಕೆಲವು ಕಿಟಕಿಗಳಲ್ಲಿ ಇಂಗ್ಲಿಷೇ ಬೀಳುತ್ತದೆ. (ಆನ್‌ಸ್ಕ್ರೀನ್ ಕೀಬೋರ್ಡ್‌ನ ಜಾಗದಲ್ಲಿ ಇದನ್ನು ಯಾರು ಹುಡುಕುತ್ತಾರೋ!) ಪರದೆ ಹಂಚಲು (ಸ್ಕ್ರೀನ್ ಶೇರ್) ದೃಶ್ಯ, ಧ್ವನಿ ಸಾಗಿಸುವ ಪೈಪ್‌ವೈರ್ ಜೊತೆ, ಆ್ಯಪ್‌ಗೆ ಅನುಮತಿ ಕೊಡಿಸುವ ಆಯಾ ಡೆಸ್ಕ್‌ಟಾಪಿನ ಪೋರ್ಟಲ್ ಪ್ಯಾಕೇಜೂ ಬೇಕು. ಗ್ನೋಮ್ 49ರಿಂದ ಎಕ್ಸ್11 ಸೆಷನ್ ಡೀಫಾಲ್ಟ್ ಆಗಿ ಆಫ್. ಕೀಲಿ, ಮೌಸ್ ತಾನಾಗೇ ಒತ್ತಿಸುವ ಎಕ್ಸ್‌ಡೂಟೂಲ್ ಸ್ಕ್ರಿಪ್ಟ್ ನೆಚ್ಚಿದವರು ಸದ್ಯಕ್ಕೆ ಎಕ್ಸ್11ನಲ್ಲಿ ನಡೆಯುವ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿಕೊಳ್ಳಿ. ಏಕೆಂದರೆ ಒಂದು ಆ್ಯಪ್ ಇನ್ನೊಂದರ ಕಿಟಕಿಗೆ ಕೀಲಿ ಒತ್ತುವುದನ್ನು ವೇಲ್ಯಾಂಡ್ ಬೇಕೆಂದೇ ತಡೆಯುತ್ತದೆ.