ಗುಂಡನಿಗೆ ತಾಳ್ಮೆ ಕಲಿಸಲು ಹೊರಟು

ನಮ್ಮ ಸೋಫಾಕ್ಕೂ ನೆಲಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಸಂದಿದೆ. ಗುಂಡನ ಚೆಂಡು ಒಳಗೆ ಹೋಗುವಷ್ಟು, ಗುಂಡನ ಮೂತಿ ಹೋಗದಷ್ಟು. ಅದನ್ನು ಮಾಡಿದ ಬಡಗಿಗೆ ನಾಯಿಗಳ ಮೇಲೆ ಯಾವುದೋ ಹಳೆಯ ದ್ವೇಷವಿದ್ದಿರಬೇಕು.

ಚೆಂಡು ಒಳಗೆ ಉರುಳಿತೆಂದರೆ ಮನೆಯಲ್ಲಿ ಸಾವಾದಂತೆ. ಮೊದಲು ಮೂಗಿನಲ್ಲೇ ಒಂದು ಸಣ್ಣ ರಾಗ, ಆಮೇಲೆ ಮುಂಗಾಲಿನಿಂದ ನೆಲ ಕೆರೆಯುವುದು, ಕೊನೆಗೆ ಇಡೀ ಬೀದಿಗೆ ಸುದ್ದಿ. ನಾನು ಬೋರಲು ಮಲಗಿ, ಪೊರಕೆಯ ಹಿಡಿಯನ್ನು ಒಳಗೆ ಆಡಿಸಿ, ಚೆಂಡಿನ ಜೊತೆಗೆ ಎರಡು ಪೆನ್ನು, ಒಂಟಿ ಕಾಲುಚೀಲ ಮತ್ತು ಬೊಗಸೆ ತುಂಬ ಗುಂಡನದೇ ಕೂದಲನ್ನು ಹೊರಗೆಳೆಯುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ಅನುಮಾನ ಬಂತು. ಚೆಂಡು ತಾನಾಗಿ ಉರುಳುತ್ತಿರಲಿಲ್ಲ. ಗುಂಡ ಅದನ್ನು ಮೂಗಿನಿಂದ ತಳ್ಳುತ್ತಿದ್ದ. ತಳ್ಳಿ, ನನ್ನ ಕಡೆ ತಿರುಗಿ, ನಾನು ಪೊರಕೆಗೆ ಕೈ ಹಾಕಿದೆನೋ ಇಲ್ಲವೋ ಎಂದು ನೋಡಿಕೊಂಡು ಬೊಗಳಲು ಶುರು ಮಾಡುತ್ತಿದ್ದ.

“ಬೊಗಳಿದರೆ ಏಳುತ್ತೀರಿ ಎಂದು ಅವನಿಗೆ ಗೊತ್ತಾಗಿದೆ. ಏಳಬೇಡಿ, ಅಷ್ಟೇ” ಎಂದಳು ಹೆಂಡತಿ.

ಮರುದಿನ ಪತ್ರಿಕೆ ಬಿಡಿಸಿಕೊಂಡು ಕಲ್ಲಿನಂತೆ ಕುಳಿತೆ. ಸಿಗುತ್ತಿದ್ದ ಫಲ ನಿಂತುಹೋದಾಗ ಹಳೆಯ ಚಾಳಿ ಆರುವ ಮೊದಲು ಒಮ್ಮೆ ಭುಗಿಲೇಳುವುದುಂಟು ಎಂಬುದು ಪ್ರಾಣಿಗಳ ವರ್ತನೆ ಬಲ್ಲವರಿಗೆಲ್ಲ ಗೊತ್ತು. ನನಗೆ ಗೊತ್ತಿರಲಿಲ್ಲ. (ಕೆಟ್ಟು ನಿಂತ ಲಿಫ್ಟಿನ ಗುಂಡಿಯನ್ನು ಹತ್ತು ಸಲ ಒತ್ತಿ, ಕೊನೆಗೆ ಗುದ್ದಿ ಬರುತ್ತೇವಲ್ಲ, ಅದೂ ಇದೇ ಜಾತಿಯದು.) ಗುಂಡ ಬೊಗಳಿದ, ಊಳಿಟ್ಟ, ಸೋಫಾದ ಅಂಚಿನ ಹೊಲಿಗೆಯನ್ನು ಹಲ್ಲಿನಿಂದ ಬಿಚ್ಚಿದ. ಒಂಬತ್ತನೆಯ ನಿಮಿಷಕ್ಕೆ ಪಕ್ಕದ ಮನೆಯ ಕಿಟಕಿ ಧಡ್ ಎಂದು ಮುಚ್ಚಿಕೊಂಡಿತು. ನನ್ನ ಶಿಲಾವ್ರತ ಅಲ್ಲಿಗೆ ಮುಗಿದು ಪೊರಕೆ ಕೈಗೆ ಬಂತು. ಮೊದಲು ಒಂದು ನಿಮಿಷ ಬೊಗಳಿದರೆ ಸಾಕಿತ್ತು, ಈಗ ದರ ಒಂಬತ್ತು ನಿಮಿಷಕ್ಕೆ ಏರಿದೆ ಎಂದು ಗುಂಡ ತಿಳಿದುಕೊಂಡ. ಏರಿದ ದರವನ್ನು ಅವನು ಸಂತೋಷದಿಂದಲೇ ತೆರತೊಡಗಿದ.

ಹೀಗಾದ ಮೇಲೆ ಅವನ ಮಿದುಳಿಗೆ ಕೆಲಸ ಕೊಡಬೇಕೆಂದುಕೊಂಡು, ಒಳಗೆ ತಿಂಡಿ ಅಡಗಿಸಿಡುವ ಒಂದು ಪ್ಲಾಸ್ಟಿಕ್ ಆಟಿಕೆ ತಂದೆ. ಸುಲಭ, ಮಧ್ಯಮ, ಕಠಿಣ ಎಂದು ಮೂರು ಬಗೆ ಇದ್ದವು. ನಮ್ಮ ಗುಂಡ ಯಾರಿಗೆ ಕಡಿಮೆ? ಕಠಿಣವನ್ನೇ ಆರಿಸಿದೆ. ಅವನು ಎರಡು ನಿಮಿಷ ಮೂಸಿದ, ಒಂದು ನಿಮಿಷ ನೆಕ್ಕಿದ, ಆಮೇಲೆ ಅದನ್ನು ಕಚ್ಚಿಕೊಂಡು ಹೋಗಿ ನೀರು ತುಂಬಿದ ಬಕೆಟ್ಟಿಗೆ ಹಾಕಿ ಬಂದ.

ಆ ರಾತ್ರಿ ಓದಲು ಕುಳಿತಾಗ ರಷ್ಯದ ವಿಜ್ಞಾನಿ ಪಾವ್ಲೋವ್‌ನ ಪ್ರಯೋಗಾಲಯದ ಒಂದು ನಾಯಿಯ ಕಥೆ ಕಣ್ಣಿಗೆ ಬಿತ್ತು. ವೃತ್ತ ಕಂಡರೆ ತಿಂಡಿ ಬರುತ್ತದೆ, ದೀರ್ಘವೃತ್ತ ಕಂಡರೆ ಬರುವುದಿಲ್ಲ ಎಂದು ಅದಕ್ಕೆ ಕಲಿಸಿದ್ದರು. ಆಮೇಲೆ ದೀರ್ಘವೃತ್ತವನ್ನು ದಿನದಿನಕ್ಕೂ ದುಂಡಗೆ ಮಾಡುತ್ತ ಹೋದರು. ಅದರ ಉದ್ದ, ಅಗಲಗಳ ಅನುಪಾತ 9:8ಕ್ಕೆ ಬಂದಾಗ, ಅಲ್ಲಿಯವರೆಗೆ ಸಾಧುವಾಗಿದ್ದ ನಾಯಿ ಕಿರುಚಾಡಿ, ಒದ್ದಾಡಿ, ಉಪಕರಣಗಳನ್ನೇ ಕಚ್ಚತೊಡಗಿತು. ಮೊದಲು ಸಲೀಸಾಗಿ ಗುರುತಿಸುತ್ತಿದ್ದ ಆಕಾರಗಳೂ ಅದಕ್ಕೆ ಮರೆತುಹೋದವು. ನಾನು ಪುಸ್ತಕ ಮುಚ್ಚಿ, ಬಕೆಟ್ಟಿನಿಂದ ಆಟಿಕೆ ತೆಗೆದು ಒರೆಸಿ, ಕಪಾಟಿನ ಮೇಲಿಟ್ಟೆ. ಮರುದಿನ ಹಳೆಯ ಟವೆಲ್ಲಿನಲ್ಲಿ ಬಿಸ್ಕತ್ತು ಚೂರುಗಳನ್ನು ಸಡಿಲವಾಗಿ ಸುತ್ತಿ ಕೊಟ್ಟೆ. ಗುಂಡ ಅರ್ಧ ನಿಮಿಷದಲ್ಲಿ ಬಿಚ್ಚಿ ತಿಂದು, ಪರೀಕ್ಷೆ ಪಾಸಾದವನ ಮುಖ ಹೊತ್ತು ಬಂದ. ಗಂಟು ಬಿಗಿಯಾಗಲು ಇನ್ನೂ ಹದಿನೈದು ದಿನ ಹಿಡಿಯಿತು.

ಕಾಯುವುದನ್ನು ಕಲಿಸಿದ್ದೂ ಹಾಗೆಯೇ. “ತಾಳಿದವನು ಬಾಳಿಯಾನು ಎನ್ನುತ್ತಾರಲ್ಲ, ‘ತಾಳು’ ಎಂದೇ ಕಲಿಸಿ” ಎಂದು ಹೆಂಡತಿ ಪದ ಆರಿಸಿಕೊಟ್ಟಳು. ತಟ್ಟೆ ಹಿಡಿದು “ತಾಳು” ಎನ್ನುವುದು, ಅವನು ಒಂದೇ ಒಂದು ಸೆಕೆಂಡು ಸುಮ್ಮನಿದ್ದರೆ ಕೊಟ್ಟುಬಿಡುವುದು. ಆಮೇಲೆ ಎರಡು, ಮೂರು. ಐದಕ್ಕೆ ಕೈಕೊಟ್ಟರೆ ಬೈಯದೆ ಮತ್ತೆ ಎರಡಕ್ಕೆ ಇಳಿಯುವುದು. ಆಟ ಮುಗಿದಾಗ ಎರಡೂ ಬರಿಗೈ ತೋರಿಸಿ “ಮುಗಿಯಿತು” ಎನ್ನುವುದನ್ನೂ ರೂಢಿಸಿದೆವು. ಆಟ ಮುಗಿದಿದೆ ಎಂದು ಯಾರೂ ಹೇಳದೇ ಇದ್ದದ್ದೇ ಅವನ ಅರ್ಧ ರಂಪಕ್ಕೆ ಕಾರಣವಾಗಿತ್ತೆಂದು ನನಗೆ ಹೊಳೆದದ್ದು ಆಗಲೇ. ಒಂದು ತೊಡಕು ಮಾತ್ರ ಉಳಿಯಿತು. ನಮ್ಮ ನಾಯಿಗೆ ಪ್ರಾಸದ ಪದಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಯಾರು “ಹೇಳು”, “ಕೇಳು”, “ಏಳು” ಎಂದರೂ ಗುಂಡ ಧಡಕ್ಕನೆ ಕುಳಿತು ಕೈ ನೋಡುತ್ತಿದ್ದ. ಏಳು ಎಂದರೆ ಕೂರುವ ನಾಯಿ ಪ್ರಪಂಚದಲ್ಲಿ ಇದೊಂದೇ ಇರಬೇಕು.

ಬೀದಿಯ ಕಥೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಮಾನದ ಪ್ರಶ್ನೆ. ಎದುರುಗಡೆ ಇನ್ನೊಂದು ನಾಯಿ ಕಂಡಿತು. ಗುಂಡ ಹೋಗಬೇಕೆಂದ, ಹಗ್ಗ ಬಿಡಲಿಲ್ಲ. ಆ ಸಿಟ್ಟು ಯಾರ ಮೇಲಾದರೂ ಇಳಿಯಬೇಕಲ್ಲ, ಹತ್ತಿರದಲ್ಲಿದ್ದದ್ದು ನನ್ನ ಪ್ಯಾಂಟು. ಈಗ ದೂರದಲ್ಲಿ ನಾಯಿ ಕಂಡೊಡನೆ ನಾವು ರಸ್ತೆ ದಾಟಿ ಪೊದೆ ಮೂಸಲು ಹೋಗುತ್ತೇವೆ. ಮೂಸುವವನು ಅವನು, ಪೊದೆಯ ಮುಂದೆ ಸುಮ್ಮನೆ ನಿಂತು ದಾರಿಹೋಕರ ದೃಷ್ಟಿ ತಪ್ಪಿಸುವವನು ನಾನು.

ಇಷ್ಟೆಲ್ಲ ಆಗಿಯೂ ಸೋಫಾದ ಸಂದು ಸಂದಾಗಿಯೇ ಇತ್ತು. “ಅಡ್ಡಕ್ಕೆ ಒಂದು ಹಲಗೆ ಹೊಡೆಯಬಾರದೇ?” ಎಂದು ಹೆಂಡತಿ ಕೇಳಿದ್ದು ಮೂರನೆಯ ತಿಂಗಳಿನಲ್ಲಿ. ಆರು ಮೊಳೆ, ಹತ್ತು ನಿಮಿಷ, ಚೆಂಡಿನ ಸಮಸ್ಯೆ ಇತ್ಯರ್ಥವಾಯಿತು. ಇದನ್ನು ಮೊದಲ ದಿನವೇ ಯಾಕೆ ಹೇಳಲಿಲ್ಲವೆಂದು ನಾನು ಕೇಳಲಿಲ್ಲ, ಉತ್ತರ ಗೊತ್ತಿತ್ತು.

ಮೊನ್ನೆ ನನ್ನ ಮೊಬೈಲ್ ಮೆತ್ತೆಯ ಹಿಂದಿನಿಂದ ಜಾರಿ, ಸೋಫಾದ ಅಡಿಗೆ ಬಿತ್ತು. ಬಿದ್ದ ಕೂಡಲೇ ರಿಂಗಾಗತೊಡಗಿತು. ಕಚೇರಿಯ ಕರೆ. ಸಂದಿಗೆ ಕೈ ಹಾಕಲು ಹೋದರೆ ಹಲಗೆ. ಹಲಗೆಯನ್ನು ಎಳೆದೆ, ಗುದ್ದಿದೆ, ಮಲಗಿ ಒದ್ದೆ, ಮೊಳೆ ಹೊಡೆದವನನ್ನು ಬಾಯಿಗೆ ಬಂದಂತೆ ಬೈದೆ. ಅಡುಗೆಮನೆಯಿಂದ ಹೆಂಡತಿ ಬಂದಳು.

“ಅಯ್ಯೋ, ಸ್ವಲ್ಪ ತಾಳಿ!”

ಗುಂಡ ತಟ್ಟನೆ ಕುಳಿತ. ಒಂದು, ಎರಡು, ಮೂರು, ಮಿಸುಕಲಿಲ್ಲ. ಹೆಂಡತಿ ಡಬ್ಬಿ ತೆರೆದು ಅವನಿಗೆ ಬಿಸ್ಕತ್ತು ಕೊಟ್ಟು, ನನ್ನ ಕಡೆ ತಿರುಗಿ ಎರಡೂ ಬರಿಗೈ ತೋರಿಸಿದಳು.