ಧನ್ಯವಾದ ಪಾಯಸದ ಹೊತ್ತಿಗಿರಲಿ
ಚೌತಿ ಊಟಕ್ಕೆ ಮುಂಚೆ ಎಲ್ಲರೂ ಸರದಿಯಲ್ಲಿ ಕೃತಜ್ಞತೆ ಹೇಳಲಿ ಎಂದು ಲೇಖನವೊಂದರಲ್ಲಿ ಓದಿದೆ. 12 ಜನರಿಗೆ ತಲಾ ಅರ್ಧ ನಿಮಿಷವೆಂದರೂ 6 ನಿಮಿಷ. ಮುಂಬಯಿ ಮಳೆಗಾಲದ ತೇವಕ್ಕೆ ಎಲೆಯ ಮೇಲಿನ ಹಪ್ಪಳ ಅಷ್ಟರಲ್ಲೇ ಮೆತ್ತಗೆ! ಪಾಯಸ ಬಡಿಸುವಾಗ ಹೇಳಿಸಿ. 'ಅಡುಗೆ ಚೆನ್ನಾಗಿತ್ತು' ಅಂದರೆ ಸಾಲದು. ಮಾಟುಂಗಾ ಮಾರುಕಟ್ಟೆಯಿಂದ ಬಾಳೆಎಲೆ ತಂದವರು ಯಾರು, ಕಾಯಿ ತುರಿದವರು ಯಾರು, ಹೆಸರು ಹಿಡಿದು ಒಂದೇ ವಾಕ್ಯ. ಮಕ್ಕಳನ್ನು ಒತ್ತಾಯಿಸಿದರೆ ಶಾಲೆಯ ಪ್ರಾರ್ಥನೆಯಂತಾಗುತ್ತದೆ, ಚೀಟಿಯಲ್ಲಿ ಬರೆಯಲಿ. ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲ್ಲೊ ಕೃತಜ್ಞತೆಯ ಬಗ್ಗೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಬರೆಸಿಯೇ ನೋಡಿದ್ದು.

ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಎರಡನೇ ಪಂಕ್ತಿ. ಬೆಳಗಿನಿಂದ ಒಲೆ ಮುಂದೆ ನಿಂತವರು ಕೂತಾಗ ಮೊದಲು ಉಂಡವರೇ ಬಡಿಸಬೇಕು, ಸಾರು ಮತ್ತೆ ಬಿಸಿ ಮಾಡಿ. ಪಾತ್ರೆ ತಿಕ್ಕಲು ಬರುವವರಿಗೆ ಮೋದಕ ಮೊದಲೇ ಎತ್ತಿಡಿ, ಉಳಿದದ್ದಲ್ಲ.